ಯಾವ ಗೋಷ್ಠಿಗೆ, ಯಾವಾಗ? ಮೈಸೂರಿನ ಎಂ.ಎಡ್., ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಒಂದು ಹೋಲಿಕೆ

ಜನವರಿ ಬಂತೆಂದರೆ ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಸೂಚನಾ ಫಲಕಗಳಲ್ಲಿ ಜಾಗ ಸಾಲುವುದಿಲ್ಲ. ಅನುದಾನವನ್ನು ಮಾರ್ಚ್ 31ರೊಳಗೆ ಖರ್ಚು ಮಾಡಿ ಲೆಕ್ಕ ಒಪ್ಪಿಸಬೇಕಾದ್ದರಿಂದ ವಿಚಾರ ಸಂಕಿರಣ, ಸಮ್ಮೇಳನ, ಕಾರ್ಯಾಗಾರಗಳಲ್ಲಿ ಬಹಳಷ್ಟು ಆ ಮೂರು ತಿಂಗಳಿಗೇ ಬಂದು ಬೀಳುತ್ತವೆ. ಶಿಕ್ಷಣಶಾಸ್ತ್ರದವರಿಗೆ ಇಲ್ಲೊಂದು ಪೇಚಿದೆ: ಆ ವರ್ಷ ಶಾಲೆಗಳಲ್ಲಿ ಡೇಟಾ ಸಂಗ್ರಹಿಸಲು ಉಳಿದಿರುವ ಕೊನೆಯ ಅವಕಾಶವೂ ಅದೇ. ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಗಳು ಶುರುವಾದ ಮೇಲೆ ಮುಖ್ಯೋಪಾಧ್ಯಾಯರು ಹತ್ತನೇ ತರಗತಿಯ ಒಂದು ಪೀರಿಯಡ್ಡನ್ನೂ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಎಲ್ಲ ಕಡೆಗೂ ಹೋಗುತ್ತೇನೆ ಎನ್ನುವವರ ಸಂಶೋಧನೆಯೇ ಒಂದು ವರ್ಷ ಹಿಂದೆ ಬೀಳುತ್ತದೆ. ಆರಿಸಲೇಬೇಕು.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ನನ್ನ ಕೆಲಸ ಈಗ ಎಲ್ಲಿ ಸಿಕ್ಕಿಕೊಂಡಿದೆ, ಆ ಗಂಟು ಬಿಡಿಸಬಲ್ಲವರು ಆ ಸಭೆಯಲ್ಲಿ ಇರುತ್ತಾರೆಯೇ, ಅವರ ಮುಂದೆ ನನಗೆ ಎಷ್ಟು ನಿಮಿಷ ಸಿಗುತ್ತದೆ? ಪ್ರಮಾಣಪತ್ರದ ಲೆಕ್ಕವನ್ನು ಆಮೇಲೆ ಹಾಕಿದರೆ ಸಾಕು.

ಪ್ರಮಾಣಪತ್ರದ ತೂಕ

ಪ್ರಮಾಣಪತ್ರ ಕೆಲಸ ಕೊಡಿಸುತ್ತದೆ ಎಂಬ ನಂಬಿಕೆ ಬಲವಾಗಿರುವುದರಿಂದ ಇದನ್ನು ಮೊದಲೇ ತೀರಿಸಿಬಿಡೋಣ. ವಿಶ್ವವಿದ್ಯಾನಿಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆರಿಸಲು 2018ರ ಯುಜಿಸಿ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) ನಿಯಮಾವಳಿ ಕೊಟ್ಟಿರುವ 3ಎ ಕೋಷ್ಟಕ ನೋಡಿ. ಪಿಎಚ್.ಡಿ.ಗೆ 30 ಅಂಕ. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಹಿತ ನೆಟ್‌ಗೆ, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಗೆ, 7, ಬರೀ ನೆಟ್‌ಗೆ 5, ರಾಜ್ಯಮಟ್ಟದ ಸ್ಲೆಟ್ ಅಥವಾ ಸೆಟ್‌ಗೆ 3. ಪ್ರಕಟವಾದ ಸಂಶೋಧನಾ ಲೇಖನ ಒಂದಕ್ಕೆ 2ರಂತೆ ಗರಿಷ್ಠ 10. ಸಮ್ಮೇಳನದಲ್ಲಿ ಪ್ರಬಂಧ ಮಂಡಿಸಿದ್ದಕ್ಕೆ ಅಲ್ಲಿ ಒಂದು ಸಾಲೂ ಇಲ್ಲ. ಅದೇ ನಿಯಮಾವಳಿಯ 2ನೇ ಕೋಷ್ಟಕದಲ್ಲಿ ಮಂಡನೆಗೆ ಅಂಕ ಇರುವುದು ನಿಜ: ವಿದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ 7, ದೇಶದೊಳಗಿನದಕ್ಕೆ 5, ರಾಷ್ಟ್ರಮಟ್ಟಕ್ಕೆ 3, ರಾಜ್ಯ ಅಥವಾ ವಿಶ್ವವಿದ್ಯಾನಿಲಯ ಮಟ್ಟಕ್ಕೆ 2. ಆದರೆ ಅದು ಒಟ್ಟು ಸಂಶೋಧನಾ ಅಂಕದ ಲೆಕ್ಕ. ಮೊದಲ ಕೆಲಸ ಹುಡುಕುವವರು ನೋಡಬೇಕಾದ್ದು 3ಎ.

ಪಿಎಚ್.ಡಿ.ಯವರಿಗೆ ಇನ್ನೊಂದು ಮಾತು. ಮಹಾಪ್ರಬಂಧ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟವಾಗಿರಬೇಕು, ಎರಡು ಸಮ್ಮೇಳನಗಳಲ್ಲಿ ಮಂಡನೆ ಆಗಿರಬೇಕು ಎಂಬುದು 2016ರ ಯುಜಿಸಿ ನಿಯಮ. 2022ರ ನಿಯಮಾವಳಿ ಆ ಕಡ್ಡಾಯವನ್ನು ಕೈಬಿಟ್ಟಿತು. ಹಳೆಯ ನಿಯಮದಡಿ ನೋಂದಾಯಿಸಿಕೊಂಡವರಿಗೆ ಹಳೆಯದೇ ಅನ್ವಯವಾಗುತ್ತದೆ, ವಿಶ್ವವಿದ್ಯಾನಿಲಯಗಳು ತಮ್ಮದೇ ಷರತ್ತು ಸೇರಿಸಿರಲೂಬಹುದು. ನಿಮ್ಮ ನೋಂದಣಿ ಪತ್ರದ ದಿನಾಂಕ ನೋಡಿಕೊಂಡು ಪಿಎಚ್.ಡಿ. ವಿಭಾಗದಲ್ಲಿ ವಿಚಾರಿಸಿ. ಎರಡೇ ಮಂಡನೆ ಸಾಕಾಗುವ ಕಡೆ ಹನ್ನೆರಡು ಮಾಡಿಕೊಂಡು ಅಧ್ಯಾಯ ನಾಲ್ಕನ್ನು ಮುಟ್ಟದೆ ಕುಳಿತವರು ಕಡಿಮೆ ಇಲ್ಲ.

ವಿಭಾಗದೊಳಗಿನ ಸಭೆ: ಖರ್ಚಿಲ್ಲ, ಫಲ ಹೆಚ್ಚು

ವಿಷಯ ಇನ್ನೂ ಗಟ್ಟಿಯಾಗದವರಿಗೆ, ಅಂದರೆ ಎಂ.ಎಡ್. ಎರಡನೇ ಸೆಮಿಸ್ಟರ್‌ನವರಿಗೆ ಮತ್ತು ಕೋರ್ಸ್‌ವರ್ಕ್ ಮಾಡುತ್ತಿರುವ ಪಿಎಚ್.ಡಿ.ಯವರಿಗೆ, ರಾಷ್ಟ್ರೀಯ ಸಮ್ಮೇಳನಕ್ಕಿಂತ ಇನ್ನೊಬ್ಬರ ವೈವಾ, ಅಂದರೆ ಮಹಾಪ್ರಬಂಧದ ಮೌಖಿಕ ಪರೀಕ್ಷೆ, ಹತ್ತು ಪಾಲು ಮೇಲು. 2022ರ ನಿಯಮಾವಳಿಯ ಪ್ರಕಾರ ವೈವಾ ಅಧ್ಯಾಪಕರಿಗೂ ಸಂಶೋಧನಾರ್ಥಿಗಳಿಗೂ ವಿದ್ಯಾರ್ಥಿಗಳಿಗೂ ಮುಕ್ತ. ಮಹಾಪ್ರಬಂಧ ಸಲ್ಲಿಸುವ ಮುಂಚಿನ ಮಂಡನೆಗೂ, ನಮ್ಮಲ್ಲಿ ಕೊಲೊಕ್ವಿಯಂ ಎನ್ನುತ್ತಾರಲ್ಲ ಅದಕ್ಕೂ, ಹೋಗಿ ಕೂರಬಹುದು. ಹೊರಗಿನಿಂದ ಬಂದ ಪರೀಕ್ಷಕರು ಅಲ್ಲಿ ಕೇಳುವ ಪ್ರಶ್ನೆಗಳನ್ನು ಸಾಲಾಗಿ ಬರೆದುಕೊಳ್ಳಿ. ನಾಲ್ಕು ವೈವಾ ಮುಗಿಯುವ ಹೊತ್ತಿಗೆ ಅವೇ ಪ್ರಶ್ನೆಗಳು ಮರಳಿ ಮರಳಿ ಬರುವುದು ಕಾಣುತ್ತದೆ: ಈ ಮಾದರಿ ಯಾಕೆ, ಟೂಲ್ (ಅಳೆಯಲು ಬಳಸುವ ಪ್ರಶ್ನಾವಳಿ) ಯಾರದ್ದು, ಕನ್ನಡಕ್ಕೆ ಹೇಗೆ ತಂದಿರಿ, ಸರ್ಕಾರಿ ಮತ್ತು ಖಾಸಗಿ ಶಾಲೆ ಎಂಬ ವಿಂಗಡಣೆಯ ಹಿಂದೆ ಯಾವ ಸಿದ್ಧಾಂತವಿದೆ? ನಿಮ್ಮ ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಬರೆಯುವ ಮುನ್ನವೇ ಈ ಪ್ರಶ್ನೆಗಳು ಕೈಲಿದ್ದರೆ ಅರ್ಧ ಕೆಲಸ ಮುಗಿದಂತೆ.

ಪಿಎಚ್.ಡಿ.ಯವರು ಸೆಮಿಸ್ಟರ್‌ಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಮಂಡಿಸಬೇಕಷ್ಟೆ. ಅದನ್ನು ಸಹಿಗಾಗಿ ಮಾಡುವ ಕೆಲಸ ಎಂದುಕೊಳ್ಳಬೇಡಿ. ಮೂವರು ಅನುಭವಿಗಳು ನಿಮ್ಮೊಬ್ಬರ ಕೆಲಸಕ್ಕಾಗಿಯೇ ಕೂರುವ ಸಭೆ ಇಡೀ ಕೋರ್ಸಿನಲ್ಲಿ ಇನ್ನೊಂದಿಲ್ಲ. ಎರಡು ಪುಟದ ಟಿಪ್ಪಣಿಯನ್ನು ಒಂದು ವಾರ ಮುಂಚೆ ಕೊಟ್ಟು, ಕೊನೆಯಲ್ಲಿ ‘ಈ ಎರಡು ವಿಷಯಗಳಲ್ಲಿ ತೀರ್ಮಾನ ಬೇಕಾಗಿದೆ’ ಎಂದು ಬರೆಯಿರಿ. ಹಾಗೆ ಬರೆಯದಿದ್ದರೆ ಮಾತು ಶೀರ್ಷಿಕೆಯ ಪದಗಳ ಸುತ್ತಲೇ ಸುತ್ತಿ ಮುಗಿದುಹೋಗುತ್ತದೆ.

ಕಾರ್ಯಾಗಾರ ಅಥವಾ ಸಮ್ಮೇಳನ

ಎರಡರಲ್ಲಿ ಒಂದಕ್ಕೆ ಮಾತ್ರ ಸಮಯವಿದೆ ಎಂದಾದರೆ, ಡೇಟಾ ಸಂಗ್ರಹಕ್ಕೆ ಹೊರಡುವ ಮುನ್ನ ಕಾರ್ಯಾಗಾರ, ವಿಶ್ಲೇಷಣೆ ಮುಗಿದ ಮೇಲೆ ಸಮ್ಮೇಳನ. ಇದನ್ನು ತಿರುಗುಮುರುಗು ಮಾಡಿದಾಗಲೇ ನಷ್ಟ ಹೆಚ್ಚು.

ಸಂಶೋಧನಾ ವಿಧಾನದ ಕಾರ್ಯಾಗಾರಗಳಲ್ಲಿ ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ನೆರವಿನ ಹತ್ತು ದಿನದವು ಪಿಎಚ್.ಡಿ. ವಿದ್ಯಾರ್ಥಿಗಳಿಗೆಂದೇ ನಡೆಯುತ್ತವೆ. ಮೂರು ದಿನದವು ಎಲ್ಲೆಲ್ಲೂ ಇವೆ. ಹೆಸರು ನೋಡದೆ ವೇಳಾಪಟ್ಟಿ ನೋಡಿ: ಉಪನ್ಯಾಸ ಎಷ್ಟು, ಕೈಯಿಂದ ಮಾಡುವ ಅಭ್ಯಾಸ ಎಷ್ಟು? ದಿನದ ನಾಲ್ಕು ಅವಧಿಗಳಲ್ಲಿ ಎರಡಾದರೂ ಅಭ್ಯಾಸಕ್ಕೆ ಇಲ್ಲದಿದ್ದರೆ ಆ ವಿಷಯವನ್ನು ಪುಸ್ತಕದಲ್ಲೇ ಓದಿಕೊಳ್ಳಬಹುದು. ಬರಿಗೈಲಿ ಹೋಗುವುದು ಇನ್ನೊಂದು ತಪ್ಪು. ಅವರು ಕೊಡುವ ಮಾದರಿ ಡೇಟಾ ಮೇಲೆ ಗುಂಡಿ ಒತ್ತಿ ಕಲಿತದ್ದು ಎರಡು ವಾರದಲ್ಲಿ ಮರೆಯುತ್ತದೆ. ನಿಮ್ಮದೇ ಮಾಪನಿಯ ಐವತ್ತು ಅರವತ್ತು ಹೇಳಿಕೆಗಳ ಕರಡು ಒಯ್ಯಿರಿ.

ಕರಡು ಕೈಲಿದ್ದರೆ ಕಾರ್ಯಾಗಾರದಲ್ಲಿ ಏನೇನು ಮುಗಿಯುತ್ತದೆ ನೋಡಿ. ಸಂಪನ್ಮೂಲ ವ್ಯಕ್ತಿಗಳೇ ವಿಷಯತಜ್ಞರಾಗಿ ಹೇಳಿಕೆಗಳನ್ನು ಓದಿ ‘ಅಗತ್ಯ’, ‘ಅಗತ್ಯವಿಲ್ಲ’ ಎಂದು ಗುರುತು ಹಾಕಬಲ್ಲರು. ತಜ್ಞರ ಒಮ್ಮತ ಅಳೆಯುವ ಲಾಶೆ ಸೂತ್ರದಂತೆ ಲೆಕ್ಕ ಹಾಕುವುದಾದರೆ ಐವರು ತಜ್ಞರಿದ್ದಾಗ ಹೇಳಿಕೆ ಉಳಿಯಲು ಅನುಪಾತ 0.99 ಬೇಕು, ಅಂದರೆ ಐವರೂ ಒಪ್ಪಬೇಕು. ಹತ್ತು ಮಂದಿಯಿದ್ದರೆ 0.62 ಸಾಕು. ಐದೇ ಜನರಿಂದ ಗುರುತು ಹಾಕಿಸಿ, ನಾಲ್ವರು ಒಪ್ಪಿದ ಹೇಳಿಕೆಯನ್ನೂ ಉಳಿಸಿಕೊಂಡು ವೈವಾದಲ್ಲಿ ಸಿಕ್ಕಿಬೀಳುವುದು ಸಾಮಾನ್ಯ. ಆಮೇಲಿನದು ಪೂರ್ವಪರೀಕ್ಷೆ: ನೂರು ಮಂದಿಗೆ ಕೊಟ್ಟರೆ ಹೆಚ್ಚು ಅಂಕದ 27, ಕಡಿಮೆ ಅಂಕದ 27 ಜನರನ್ನು ಬೇರ್ಪಡಿಸಿ ಪ್ರತಿ ಹೇಳಿಕೆಯ ಟಿ ಮೌಲ್ಯ (ಎರಡು ಗುಂಪುಗಳ ಸರಾಸರಿಯ ವ್ಯತ್ಯಾಸ ಪರೀಕ್ಷಿಸುವ ಅಂಕಿ) ನೋಡುವುದು. ಈ ಹಂತಗಳನ್ನು ದಾಟಿಬಂದ ಟೂಲ್ ಕೈಲಿದ್ದರೆ ಧೈರ್ಯವಾಗಿ ಶಾಲೆಗೆ ಹೋಗಬಹುದು. ಆರುನೂರು ಪ್ರಶ್ನಾವಳಿ ತುಂಬಿಸಿಕೊಂಡು ಬಂದ ಮೇಲೆ ಕಾರ್ಯಾಗಾರಕ್ಕೆ ಹೋದರೆ, ಟೂಲೇ ಸರಿಯಿಲ್ಲ ಎಂಬ ಸುದ್ದಿಯಷ್ಟೇ ಸಿಕ್ಕೀತು.

ಇನ್ನು ಸಮ್ಮೇಳನ. ಇಲ್ಲಿ ಲೆಕ್ಕ ನಿಮಿಷದ್ದು. ಕರಪತ್ರದಲ್ಲಿ ಎಷ್ಟು ಉಪವಿಷಯಗಳಿವೆ, ಎಷ್ಟು ಸಮಾನಾಂತರ ಗೋಷ್ಠಿಗಳು, ಎಷ್ಟು ಹೊತ್ತು ಎಂದು ಸಂಘಟಕರನ್ನೇ ಕೇಳಿ. 120 ಪ್ರಬಂಧಗಳನ್ನು ಒಪ್ಪಿಕೊಂಡು, ನಾಲ್ಕು ಕೊಠಡಿಗಳಲ್ಲಿ ಒಂದು ಮಧ್ಯಾಹ್ನದ ಮೂರು ಗಂಟೆಯಲ್ಲಿ ಮುಗಿಸುವುದಾದರೆ ಕೊಠಡಿಗೆ ಮೂವತ್ತು, ಒಬ್ಬರಿಗೆ ಆರು ನಿಮಿಷ. ಉದ್ಘಾಟನೆ ತಡವಾದರೆ ನಾಲ್ಕು. ಚರ್ಚೆಗೆ ಸೊನ್ನೆ. ಇದಕ್ಕಿಂತ ನಲವತ್ತೇ ಪ್ರಬಂಧ ತೆಗೆದುಕೊಂಡು ಎರಡು ದಿನ ನಡೆಸುವ ರಾಜ್ಯಮಟ್ಟದ ಸಂಕಿರಣ ಎಷ್ಟೋ ಉತ್ತಮ, ‘ಅಂತರರಾಷ್ಟ್ರೀಯ’ ಎಂಬ ಪದ ಕರಪತ್ರದ ಮೇಲೆ ಇಲ್ಲದಿದ್ದರೂ.

ಸಮ್ಮೇಳನಕ್ಕೆ ಕಳಿಸುವ ಸಾರಲೇಖ (ಅಬ್‌ಸ್ಟ್ರ್ಯಾಕ್ಟ್) 250–300 ಪದಗಳಲ್ಲಿರಲಿ. ಹಿನ್ನೆಲೆಗೆ ಎರಡು ವಾಕ್ಯ, ಪ್ರಶ್ನೆಗೆ ಒಂದು, ಮಾದರಿ ಮತ್ತು ವಿಧಾನಕ್ಕೆ ಎರಡು, ಫಲಿತಾಂಶಕ್ಕೆ ಅಂಕಿಗಳ ಸಮೇತ ಮೂರು, ತರಗತಿಗೆ ಅದರಿಂದೇನು ಎಂಬುದಕ್ಕೆ ಒಂದು. ಬಹುತೇಕ ಸಾರಲೇಖಗಳಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ 2020ರ ಮೇಲೆ ಐದು ವಾಕ್ಯ ಇರುತ್ತದೆ, ಫಲಿತಾಂಶದ ಜಾಗದಲ್ಲಿ ‘ಫಲಿತಾಂಶಗಳನ್ನು ಚರ್ಚಿಸಲಾಗುವುದು’ ಎಂದಿರುತ್ತದೆ. ಅದನ್ನು ಓದಿದವರಿಗೆ ನಿಮ್ಮ ಗೋಷ್ಠಿಗೆ ಬರಲು ಕಾರಣವೇ ಸಿಗುವುದಿಲ್ಲ.

ಅಂಕಿಗಳ ವಿಷಯದಲ್ಲಿ ಪದೇ ಪದೇ ಆಗುವ ಎರಡು ತಪ್ಪುಗಳನ್ನು ಇಲ್ಲೇ ಹೇಳಬೇಕು. ಅಂಕಿಅಂಶದ ತಂತ್ರಾಂಶ ಎಸ್‌ಪಿಎಸ್‌ಎಸ್ ತೋರಿಸುವ .000 ಎಂಬುದನ್ನು ಹಾಗೇ ಬರೆಯಬಾರದು. ಪಿ ಮೌಲ್ಯ 0.001ಕ್ಕಿಂತ ಕಡಿಮೆ ಎಂದು ಬರೆಯಬೇಕು. ಎರಡನೆಯದು, ಸಾರ್ಥಕ (ಆಕಸ್ಮಿಕವೆನ್ನಲಾಗದ) ವ್ಯತ್ಯಾಸ ಸಿಕ್ಕಿತೆಂದ ಮಾತ್ರಕ್ಕೆ ದೊಡ್ಡ ವ್ಯತ್ಯಾಸ ಸಿಕ್ಕಿತೆಂದಲ್ಲ. ಗ್ರಾಮೀಣ 300, ನಗರದ 300 ಶಿಕ್ಷಕರನ್ನು ಹೋಲಿಸಿ ಟಿ ಮೌಲ್ಯ 2.1 ಬಂದರೆ 0.05 ಮಟ್ಟದಲ್ಲಿ ಅದು ಸಾರ್ಥಕವೇ ಹೌದು. ಆದರೆ ಪರಿಣಾಮದ ಗಾತ್ರ, ಕೋಹೆನ್‌ನ ಡಿ, ಸುಮಾರು 0.17 ಮಾತ್ರ; 0.2ನ್ನೇ ಸಣ್ಣದೆನ್ನುವ ವಾಡಿಕೆಯಿದೆ. ಇಷ್ಟರ ಮೇಲೆ ‘ಗ್ರಾಮೀಣ ಶಿಕ್ಷಕರಿಗೆ ವಿಶೇಷ ತರಬೇತಿ ಅಗತ್ಯ’ ಎಂಬ ಶಿಫಾರಸು ನಿಲ್ಲುವುದಿಲ್ಲ. ಪ್ರಶ್ನೆ ಕೇಳುವವರಿರುವ ಸಭೆ ಯಾಕೆ ಬೇಕೆಂದರೆ ಇದನ್ನು ಅಲ್ಲಿ ಒಬ್ಬರಾದರೂ ಎತ್ತಿ ತೋರಿಸುತ್ತಾರೆ, ಮಹಾಪ್ರಬಂಧ ಅಚ್ಚಾಗುವ ಮೊದಲೇ ತಿದ್ದಿಕೊಳ್ಳಬಹುದು.

ಬಾಯಿಮಾತಿನ ಮಂಡನೆ, ಪೋಸ್ಟರ್

ಎಂ.ಎಡ್. ಲಘುಪ್ರಬಂಧಕ್ಕೆ ಪೋಸ್ಟರ್ ಹೆಚ್ಚು ಹೊಂದುತ್ತದೆ. ಒಂದೇ ಪ್ರಶ್ನೆ, ಒಂದೇ ಮುಖ್ಯ ಫಲಿತಾಂಶ, ಒಂದು ಗ್ರಾಫ್. ಎರಡು ಗಂಟೆ ಅದರ ಪಕ್ಕ ನಿಂತರೆ ನಿಂತು ಕೇಳುವವರು ನಾಲ್ಕೇ ಮಂದಿ ಬಂದರೂ ಒಬ್ಬೊಬ್ಬರೊಡನೆ ಹತ್ತು ನಿಮಿಷ ಮಾತಾಡಬಹುದು. ವೇದಿಕೆಯ ಆರು ನಿಮಿಷದಲ್ಲಿ ಅದು ಎಲ್ಲಿ ಸಾಧ್ಯ? ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರ ಎಂದರೆ ಶೀರ್ಷಿಕೆ 80 ಪಾಯಿಂಟಿಗಿಂತ ಕಡಿಮೆ ಬೇಡ, ಒಳಗಿನ ಅಕ್ಷರ 28ಕ್ಕಿಂತ ಕೆಳಗಿಳಿಯಬಾರದು, ಎಲ್ಲ ಸೇರಿ 400 ಪದ ಸಾಕು. ಫ್ಲೆಕ್ಸ್ ಅಂಗಡಿಗೆ ವರ್ಡ್ ಫೈಲ್ ಕೊಡಬೇಡಿ, ಪಿಡಿಎಫ್ ಕೊಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಒತ್ತಕ್ಷರಗಳು ಚದುರಿ ‘ಶಿಕ್ಷಣ’ವೇ ಓದಲಾಗದಂತೆ ಆಗುತ್ತದೆ.

ಪಿಎಚ್.ಡಿ.ಯ ವಾದಕ್ಕೆ, ಗುಣಾತ್ಮಕ ಅಧ್ಯಯನಕ್ಕೆ ಪೋಸ್ಟರ್ ಸಾಲದು. ಅಲ್ಲಿ ಬಾಯಿಮಾತಿನ ಮಂಡನೆಯೇ ಸರಿ. ಹದಿನೈದು ನಿಮಿಷ ಎಂದಿದ್ದರೆ ಎಂಟು ನಿಮಿಷಕ್ಕೆ ಸಿದ್ಧವಾಗಿ, ಒಂಬತ್ತು ಸ್ಲೈಡ್ ಮೀರಬೇಡಿ, ಫಲಿತಾಂಶವನ್ನು ಮೂರನೇ ಸ್ಲೈಡಿನಲ್ಲೇ ಹೇಳಿಬಿಡಿ. ‘ಸಾಹಿತ್ಯ ಸಮೀಕ್ಷೆ’ ಎಂದು ಹೆಸರುಗಳ ಪಟ್ಟಿ ಓದುತ್ತಾ ಹೋದರೆ ಫಲಿತಾಂಶ ಬರುವಷ್ಟರಲ್ಲಿ ಅಧ್ಯಕ್ಷರು ಗಂಟೆ ಬಾರಿಸಿರುತ್ತಾರೆ.

ಕನ್ನಡದಲ್ಲೋ ಇಂಗ್ಲಿಷಿನಲ್ಲೋ? ಕೇಳುವವರು ಯಾರು ಎಂಬುದೇ ತೀರ್ಮಾನಿಸಲಿ. ಶಿಕ್ಷಕರು, ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕರು ತುಂಬಿದ ರಾಜ್ಯಮಟ್ಟದ ಸಭೆಯಲ್ಲಿ ಕನ್ನಡದಲ್ಲಿ ಮಂಡಿಸಿದರೆ ಬರುವ ಪ್ರಶ್ನೆಗಳ ಸಂಖ್ಯೆಯೂ ಆಳವೂ ಬೇರೆ. ಕನ್ನಡ ಲೇಖನ ಕಳಿಸುವವರು ಒಂದು ಎಚ್ಚರ ವಹಿಸಬೇಕು. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತದೆ, ಅಂತರ್ಜಾಲದಲ್ಲಿ ಹುಡುಕಿದವರಿಗೂ ಸಿಗುವುದಿಲ್ಲ. ಸಂಪಾದಕರು ಹಳೆಯ ನುಡಿಯನ್ನೇ ಕೇಳಿದರೆ ಕೊಡಿ, ಆದರೆ ಯೂನಿಕೋಡ್ ಪ್ರತಿಯೊಂದು ನಿಮ್ಮ ಬಳಿ ಇರಲಿ.

ವೆಬಿನಾರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೂರದ ಒಬ್ಬ ವಿದ್ವಾಂಸರ ಮಾತು ಕೇಳಲು ಒಳ್ಳೆಯದು, ಮಂಡಿಸಲು ನಿಷ್ಪ್ರಯೋಜಕ.

ಮೈಸೂರಿನಲ್ಲಿ ಎಲ್ಲಿ, ಯಾವ ವಿಷಯಕ್ಕೆ

ಈ ಊರಿನ ಭಾಗ್ಯವೆಂದರೆ ಕುಕ್ಕರಹಳ್ಳಿ ಕೆರೆಯ ಆಸುಪಾಸಿನಲ್ಲೇ ಇಷ್ಟು ಸಂಸ್ಥೆಗಳಿವೆ. ಆದರೆ ಎಲ್ಲ ವಿಷಯಕ್ಕೂ ಎಲ್ಲ ಕಡೆ ಕಿವಿ ಸಿಗುವುದಿಲ್ಲ. 1963ರಲ್ಲಿ ಶುರುವಾದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎನ್‌ಸಿಇಆರ್‌ಟಿಯ ಅಂಗ. ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿದ್ದು. ಪಠ್ಯಕ್ರಮ, ವಿಜ್ಞಾನ ಮತ್ತು ಗಣಿತ ಬೋಧನೆ, ಶಿಕ್ಷಕ ತರಬೇತಿಯ ವಿಷಯಗಳಿಗೆ ಅದಕ್ಕಿಂತ ಒಳ್ಳೆಯ ಸಭೆ ಹತ್ತಿರದಲ್ಲಿಲ್ಲ. ತಮಿಳು, ಮಲಯಾಳ, ತೆಲುಗಿನವರೂ ಕೂತಿರುವುದರಿಂದ ಅಲ್ಲಿ ಇಂಗ್ಲಿಷ್ ಬೇಕೇ ಬೇಕು. ಬೋಧನಾ ಮಾಧ್ಯಮ, ಓದು ಕಲಿಕೆ, ಬುಡಕಟ್ಟು ಮಕ್ಕಳ ಮನೆಮಾತು, ಭಾಷಾ ಪರೀಕ್ಷೆಗಳ ಮೇಲೆ ಕೆಲಸ ಮಾಡುವವರಿಗೆ 1969ರಿಂದ ಇರುವ ಭಾರತೀಯ ಭಾಷಾ ಸಂಸ್ಥಾನ. ಶ್ರವಣದೋಷವುಳ್ಳ ಮಕ್ಕಳ ಶಿಕ್ಷಣ, ಸಮನ್ವಯ ಶಿಕ್ಷಣಕ್ಕೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ವಿಶೇಷ ಶಿಕ್ಷಣದಲ್ಲಿ ಬಿ.ಎಡ್., ಎಂ.ಎಡ್. ಅಲ್ಲೇ ನಡೆಯುವುದರಿಂದ ತರಗತಿ ಗೊತ್ತಿರುವ ಶ್ರೋತೃಗಳು ಸಿಗುತ್ತಾರೆ. ದೂರಶಿಕ್ಷಣದ ವಿಷಯವಾದರೆ ಮುಕ್ತಗಂಗೋತ್ರಿ, ಅಂದರೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಸಮನ್ವಯ ಶಿಕ್ಷಣದ ಲೇಖನವನ್ನು ಆಡಳಿತ ನಿರ್ವಹಣೆಯ ಸಮ್ಮೇಳನಕ್ಕೆ ಒಯ್ದು ‘ಯಾರೂ ಪ್ರಶ್ನೆ ಕೇಳಲಿಲ್ಲ’ ಎಂದು ಬೇಸರಪಡುವುದಕ್ಕಿಂತ, ನಾಲ್ಕು ತಿಂಗಳು ಕಾದು ತಕ್ಕ ಕಡೆಗೆ ಹೋಗುವುದು ಲೇಸು.

ಮಂಡ್ಯದಿಂದ ಓಡಾಡುವವರು ದೂರ ಸುಮಾರು 45 ಕಿಲೋಮೀಟರೇ ಇದ್ದರೂ ಮಂಡನೆಯ ವೇಳೆಯನ್ನು ಮೊದಲೇ ಕೇಳಿ ಬರೆಸಿಕೊಳ್ಳಿ. ಸಂಜೆಯ ಕೊನೆಯ ಗೋಷ್ಠಿ ಸಾಮಾನ್ಯವಾಗಿ ಲಂಬಿಸುತ್ತದೆ, ಎದ್ದು ಹೋದರೆ ಚರ್ಚೆ ತಪ್ಪುತ್ತದೆ. ಕೆಲಸದಲ್ಲಿರುವ ಶಿಕ್ಷಕರು ಒಒಡಿ (ಅನ್ಯ ಕರ್ತವ್ಯ) ಅನುಮತಿಗೆ ಆಹ್ವಾನ ಪತ್ರದ ಜೊತೆ ಮನವಿಯನ್ನು ಮುಂಚಿತವಾಗಿ ಕೊಟ್ಟು, ವಾಪಸು ಹೋಗುವಾಗ ದಿನಾಂಕ ನಮೂದಾದ ಹಾಜರಾತಿ ಪತ್ರವನ್ನು ಬೇರೆಯಾಗಿ ಪಡೆಯಬೇಕು. ಭಾಗವಹಿಸಿದ ಪ್ರಮಾಣಪತ್ರವನ್ನು ಕಚೇರಿ ಒಪ್ಪದಿರಬಹುದು. ನವರಾತ್ರಿಯ ಹತ್ತು ದಿನಗಳಲ್ಲಿ ಸಭೆ ಇದ್ದರೆ ಹೊರಗಿನ ಊರಿನ ಸಹಲೇಖಕರನ್ನು ಕರೆಯಬೇಡಿ, ಕೋಣೆ ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಎಟುಕುವುದಿಲ್ಲ.

ಪ್ರಕಟಣೆಯ ಆಮಿಷ

‘ಎಲ್ಲ ಪ್ರಬಂಧಗಳನ್ನೂ ಐಎಸ್‌ಬಿಎನ್ ಇರುವ ಪುಸ್ತಕದಲ್ಲಿ ಪ್ರಕಟಿಸಲಾಗುವುದು’ ಎಂಬ ಸಾಲನ್ನು ಕಂಡು ಹಣ ಕಟ್ಟಬೇಡಿ. ಭಾರತದಲ್ಲಿ ಐಎಸ್‌ಬಿಎನ್ ಸಂಖ್ಯೆಯನ್ನು ಸರ್ಕಾರಿ ಸಂಸ್ಥೆಯೇ ಉಚಿತವಾಗಿ ಕೊಡುತ್ತದೆ. ಅದು ಪುಸ್ತಕದ ಗುರುತೇ ಹೊರತು ಗುಣಮಟ್ಟದ ಮುದ್ರೆಯಲ್ಲ. ನಿಯತಕಾಲಿಕೆಗಿರುವುದು ಐಎಸ್‌ಎಸ್‌ಎನ್. ‘ಯುಜಿಸಿ ಕೇರ್ ಪಟ್ಟಿಯ ಪತ್ರಿಕೆ’ ಎಂಬ ಜಾಹೀರಾತೂ ಇನ್ನೂ ಓಡಾಡುತ್ತಿದೆ, ಆದರೆ ಯುಜಿಸಿ ಆ ಪಟ್ಟಿಯನ್ನು ನಿಲ್ಲಿಸಿ 2025ರ ಫೆಬ್ರವರಿಯಲ್ಲಿ ಪ್ರಕಟಣೆ ಹೊರಡಿಸಿದೆ. ಈಗ ನೋಡಬೇಕಾದ್ದು ಸಂಪಾದಕ ಮಂಡಳಿಯಲ್ಲಿರುವವರು ನಿಜವಾಗಿ ಶಿಕ್ಷಣಶಾಸ್ತ್ರದವರೇ, ಹಿಂದಿನ ಸಂಚಿಕೆಗಳು ಓದಲು ಸಿಗುತ್ತವೆಯೇ, ಲೇಖನ ತಲುಪಿ ಸ್ವೀಕಾರವಾಗಲು ಎಷ್ಟು ದಿನ ಹಿಡಿದಿದೆ ಎಂಬುದನ್ನು. ಎರಡೇ ದಿನದಲ್ಲಿ ‘ಸ್ವೀಕೃತ’ ಎಂದು ಬಂದರೆ ಯಾರೂ ಓದಿಲ್ಲ ಎಂದರ್ಥ. ಸಂಪುಟದಲ್ಲಿ ಅಚ್ಚಾದ ಲೇಖನವನ್ನೇ ಮತ್ತೆ ಪತ್ರಿಕೆಗೆ ಕಳಿಸಲಾಗದು ಎಂಬುದು ನೆನಪಿರಲಿ. ಒಳ್ಳೆಯ ಫಲಿತಾಂಶವನ್ನು ಸಂಪುಟಕ್ಕೆ ಕೊಟ್ಟು ಕಳೆದುಕೊಳ್ಳಬೇಡಿ, ಸಾರಲೇಖ ಮಾತ್ರ ಕೊಟ್ಟು ಪೂರ್ಣ ಲೇಖನವನ್ನು ಪತ್ರಿಕೆಗೆ ಉಳಿಸಿಕೊಳ್ಳಿ.

ನಿಮ್ಮ ವಿಭಾಗದಲ್ಲೇ ಸಮ್ಮೇಳನ ನಡೆದರೆ ಹೇಗೂ ಕೆಲಸ ಹಂಚುತ್ತಾರೆ. ನೋಂದಣಿ ಮೇಜು ಮತ್ತು ಊಟದ ಕೂಪನ್ ಹೊತ್ತವರಿಗೆ ಒಂದು ಗೋಷ್ಠಿಯೂ ದಕ್ಕುವುದಿಲ್ಲ. ಗೋಷ್ಠಿಯ ವರದಿಗಾರರ ಕೆಲಸ ಕೇಳಿ ಪಡೆಯಿರಿ. ಇಡೀ ಗೋಷ್ಠಿ ಒಳಗೇ ಕೂರುತ್ತೀರಿ, ಪ್ರಶ್ನೋತ್ತರ ಬರೆಯುತ್ತೀರಿ, ಸಂಜೆ ಅಧ್ಯಕ್ಷರಿಗೆ ತೋರಿಸುವ ನೆಪದಲ್ಲಿ ಅವರ ಪರಿಚಯವೂ ಆಗುತ್ತದೆ.

ಶಿಕ್ಷಕರ ಸಭೆ

ಕೊನೆಯದನ್ನು ಯಾರೂ ವಿದ್ವತ್ ಸಭೆ ಎಂದು ಎಣಿಸುವುದಿಲ್ಲ: ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ನಡೆಸುವ ಕ್ಲಸ್ಟರ್ ಮಟ್ಟದ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಮಾಲೋಚನಾ ಸಭೆ. ನಿಮ್ಮ ಪ್ರಶ್ನಾವಳಿ ತುಂಬಿಕೊಟ್ಟ ಶಿಕ್ಷಕರು ಅಲ್ಲಿ ಸೇರುತ್ತಾರೆ. ಡೇಟಾ ಸಂಗ್ರಹಕ್ಕೆ ಉಪನಿರ್ದೇಶಕರಿಂದ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಂದ ಅನುಮತಿ ಕೇಳುವ ಅರ್ಜಿಯಲ್ಲೇ ‘ಫಲಿತಾಂಶವನ್ನು ಶಿಕ್ಷಕರಿಗೆ ತಿಳಿಸಲು 20 ನಿಮಿಷ’ ಎಂದು ಸೇರಿಸಿದರೆ ಮುಂದೆ ಬೇರೆ ಪತ್ರ ಬೇಕಾಗುವುದಿಲ್ಲ. ಪ್ರೊಜೆಕ್ಟರ್ ನಂಬಬೇಡಿ, ಕನ್ನಡದಲ್ಲಿ ಒಂದು ಹಾಳೆ, ಎರಡು ಗ್ರಾಫ್, ಮೂವತ್ತು ಜೆರಾಕ್ಸ್ ಪ್ರತಿ. ಟಿ ಮೌಲ್ಯ ಬೇಡ, ‘ಹತ್ತರಲ್ಲಿ ಏಳು ಶಿಕ್ಷಕರು’ ಎಂಬಂಥ ಮಾತು ಸಾಕು. ಫಲಿತಾಂಶ ನೋಡಿ ಅವರು ‘ಏಳನೇ ಪ್ರಶ್ನೆ ನಮಗೆ ಅರ್ಥವೇ ಆಗಿರಲಿಲ್ಲ, ಸುಮ್ಮನೆ ಮಧ್ಯದ್ದಕ್ಕೆ ಟಿಕ್ ಹಾಕಿದೆವು’ ಎಂದರೆ ಅದನ್ನು ಬರೆದುಕೊಂಡು ಬಂದು ಆ ಹೇಳಿಕೆಯ ಪ್ರತಿಕ್ರಿಯೆಗಳನ್ನು ಮತ್ತೆ ತೆರೆದು ನೋಡಿ. ಹಾಳೆಯಲ್ಲಿ ಶಾಲೆಯ ಹೆಸರಾಗಲಿ, ಯಾವ ಶಾಲೆ ಎಂದು ಊಹಿಸಬಹುದಾದ ಸುಳಿವಾಗಲಿ ಇರಬಾರದು: ಕ್ಲಸ್ಟರಿನಲ್ಲಿ ಇರುವುದೊಂದೇ ಉರ್ದು ಶಾಲೆ ಎಂದಾದರೆ ‘ಉರ್ದು ಮಾಧ್ಯಮ’ ಎಂಬ ಕಂಬವನ್ನೇ ಗ್ರಾಫಿನಿಂದ ತೆಗೆದುಬಿಡಿ.